ಒಮ್ಮತದ ಗಣಿತ

ಸಭೆಯಲ್ಲಿ ಭಿನ್ನಾಭಿಪ್ರಾಯಗಳು ಕ್ರಮೇಣ ಒಂದಾಗುವ ಬಗೆಗೆ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಮಾರಿಸ್ ಡಿಗ್ರೂಟ್ ಅವರು 1974ರಲ್ಲಿ ಸರಳವಾದ ಗಣಿತರೂಪವೊಂದನ್ನು ನೀಡಿದರು. ಪ್ರತಿಯೊಬ್ಬರೂ ತಮ್ಮ ಹಾಗೂ ಇತರರ ಅಭಿಪ್ರಾಯಗಳಿಗೆ ಇಂತಿಷ್ಟು ತೂಕವೆಂದು ಕೊಟ್ಟು, ಅವುಗಳ ಸರಾಸರಿಯನ್ನೇ ತಮ್ಮ ಹೊಸ ಅಭಿಪ್ರಾಯವಾಗಿ ಸ್ವೀಕರಿಸುತ್ತ ಹೋಗುತ್ತಾರೆಂಬುದೇ ಅದರ ತಿರುಳು.

ಒಂದು ಕಾರ್ಯಕ್ಕೆ 30 ದಿನ ಬೇಕೆಂದು ಒಬ್ಬರು, 60 ದಿನ ಬೇಕೆಂದು ಇನ್ನೊಬ್ಬರು ಅಂದಾಜಿಸಿದರೆನ್ನೋಣ. ಮೊದಲನೆಯವರು ಇಬ್ಬರ ಮಾತಿಗೂ ಸಮಾನ ತೂಕ ಕೊಡುತ್ತಾರೆ. ಎರಡನೆಯವರು ತಮ್ಮ ಮಾತಿಗೆ ಮುಕ್ಕಾಲು, ಮೊದಲನೆಯವರ ಮಾತಿಗೆ ಕಾಲು ಪಾಲು ಕೊಡುತ್ತಾರೆ. ಮೊದಲ ಸುತ್ತಿನಲ್ಲಿ ಅಂದಾಜುಗಳು 45 ಮತ್ತು 52.5 ಆಗುತ್ತವೆ. ಸುತ್ತುಗಳು ಮುಂದುವರಿದಂತೆ ಇಬ್ಬರೂ 50ನ್ನು ಸಮೀಪಿಸುತ್ತಾರೆ, ನಟ್ಟನಡುವಿನ 45ನ್ನಲ್ಲ. ಕಡಿಮೆ ಆಲಿಸಿದವರ ಪ್ರಭಾವ ಇಮ್ಮಡಿಯಾಯಿತು. ಅವರ ಅಂದಾಜು ಹೆಚ್ಚು ಸರಿಯಾಗಿದ್ದುದರಿಂದಲ್ಲ, ಅವರು ಕಡಿಮೆ ಬಾಗಿದುದರಿಂದ.

ಆದುದರಿಂದ ಒಮ್ಮತವೊಂದೇ ಸತ್ಯಕ್ಕೆ ಪ್ರಮಾಣವಾಗಲಾರದು. ಬಹುಜನರ ಸ್ವತಂತ್ರ ಅಂದಾಜುಗಳು ಕೂಡಿ ಸತ್ಯದ ಸಮೀಪಕ್ಕೆ ಬರಬೇಕಾದರೆ ಯಾರೊಬ್ಬರ ಪ್ರಭಾವವೂ ಅತಿಯಾಗಿರಬಾರದೆಂದು ಗೊಲಬ್ ಮತ್ತು ಜಾಕ್ಸನ್ ಎಂಬ ವಿದ್ವಾಂಸರು 2010ರಲ್ಲಿ ತೋರಿಸಿದರು. ಸರ್ವಾನುಮತದ ನಿರ್ಣಯವೆಂದು ನಡಾವಳಿಯಲ್ಲಿ ಬರೆಯುವ ಮುನ್ನ, ಮೆಲುದನಿಯವರ ಮಾತಿಗೂ ತಕ್ಕ ತೂಕ ದೊರೆಯಿತೇ ಎಂದು ವಿಚಾರಿಸುವುದು ಉಚಿತ.