ಹಳೆಯ ತಂತ್ರಾಂಶ: ಹೊಸದಾಗಿ ಬರೆಸುವುದೋ, ಹಂತ ಹಂತವಾಗಿ ಬದಲಿಸುವುದೋ?

ಪ್ರಶ್ನೆ: ನಮ್ಮ ಸಹಕಾರ ಸಂಘದ ಸಾಲದ ಲೆಕ್ಕವೆಲ್ಲ ಹಳೆಯ ಫಾಕ್ಸ್‌ಪ್ರೊ ತಂತ್ರಾಂಶದಲ್ಲಿದೆ. ಪೂರ್ತಿ ಹೊಸದಾಗಿ ಬರೆಸಬೇಕೇ?

ಉತ್ತರ: ಬದಲಾವಣೆಯಂತೂ ಬೇಕೇ ಬೇಕು. ವಿಷುವಲ್ ಫಾಕ್ಸ್‌ಪ್ರೊಗೆ ಮೈಕ್ರೋಸಾಫ್ಟ್ 2015ರಲ್ಲೇ ಬೆಂಬಲ ನಿಲ್ಲಿಸಿದೆ. ಅದರ ಒಂದೊಂದು ಫೈಲೂ 2 ಗಿಗಾಬೈಟ್ ದಾಟಿ ಬೆಳೆಯದು. ಆದರೆ ಎಲ್ಲವನ್ನೂ ಒಮ್ಮೆಲೇ ಬದಲಿಸುವುದು ಅಪಾಯ. ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕ್ 2018ರ ಏಪ್ರಿಲ್‌ನಲ್ಲಿ ಗ್ರಾಹಕರ ದಾಖಲೆಗಳನ್ನು ಹೀಗೆಯೇ ಹೊಸ ವ್ಯವಸ್ಥೆಗೆ ಸಾಗಿಸಿತು. ದಾಖಲೆಗಳೇನೋ ಸರಿಯಾಗಿಯೇ ತಲುಪಿದವು, ವ್ಯವಸ್ಥೆ ಕೈಕೊಟ್ಟಿತು. ಲಕ್ಷಾಂತರ ಜನ ತಮ್ಮದೇ ಖಾತೆ ತೆರೆಯಲಾಗದೆ ಪರದಾಡಿದರು. 2022ರಲ್ಲಿ ನಿಯಂತ್ರಕರು 4.86 ಕೋಟಿ ಪೌಂಡ್‌ಗೂ ಹೆಚ್ಚು ದಂಡ ವಿಧಿಸಿದರು.

ಸಾಲಮನ್ನಾ, ಬಡ್ಡಿ ರಿಯಾಯಿತಿ, ಗಡುವು ಮೀರಿದ ಕಂತು ಇವುಗಳ ನಿಯಮಗಳು ಎಷ್ಟೋ ಕಡೆ ಹಳೆಯ ಪ್ರೋಗ್ರಾಮಿನೊಳಗೆ ಮಾತ್ರ ಉಳಿದಿರುತ್ತವೆ, ಕಾಗದದಲ್ಲಿ ಇರುವುದಿಲ್ಲ. ಹೊಸದಾಗಿ ಬರೆಯುವವರು ತಪ್ಪುವುದು ಅಲ್ಲೇ. ಆದ್ದರಿಂದ ಮೊದಲು ದತ್ತಾಂಶಕ್ಕೆ ಕೈ ಹಾಕಿ. ಸದಸ್ಯರ ಹೆಸರುಗಳು ಹಳೆಯ ನುಡಿ ಫಾಂಟಿನಲ್ಲಿದ್ದರೆ ಯೂನಿಕೋಡ್‌ಗೆ ಪರಿವರ್ತಿಸಿ, ಒತ್ತಕ್ಷರ ಮತ್ತು ಅರ್ಕಾವತ್ತಿನ ಹೆಸರುಗಳನ್ನು ಒಂದೊಂದಾಗಿ ತಾಳೆ ನೋಡಿ. ಆಮೇಲೆ ವರದಿಗಳು, ಕೊನೆಗೆ ಬಡ್ಡಿ ಲೆಕ್ಕ. ಅಲ್ಲಿಯವರೆಗೆ ಹಳೆಯದನ್ನೂ ಹೊಸದರ ಜೊತೆಗೇ ನಡೆಸುತ್ತಿರಿ. ಎರಡೂ ವ್ಯವಸ್ಥೆಗಳನ್ನು ಜೊತೆಜೊತೆಗೆ ನಡೆಸಿದರೆ ದುಪ್ಪಟ್ಟು ಕೆಲಸವಲ್ಲವೇ ಎಂಬ ಆಕ್ಷೇಪ ನ್ಯಾಯವೇ. ಆದರೂ ರೈತರ ಬಾಕಿ ತಪ್ಪಾಗಿ ತೋರಿದರೆ ಕಳೆದುಹೋಗುವ ನಂಬಿಕೆಗೆ ಹೋಲಿಸಿದರೆ ಆ ಖರ್ಚು ಸಣ್ಣದು. ಸೋರ್ಸ್ ಕೋಡೇ ಕಳೆದುಹೋಗಿದ್ದರೆ ಮಾತ್ರ ಹೊಸದಾಗಿ ಬರೆಸುವುದು ಅನಿವಾರ್ಯ. ಅದು ಯಾರ ಬಳಿ ಇದೆಯೆಂದು ಇವತ್ತೇ ವಿಚಾರಿಸಿ.