ಕನ್ನಡ ಕಾವ್ಯದ ನವೋದಯ

ಹದಿನಾಲ್ಕನೆಯ ಶತಮಾನದಲ್ಲಿ ಇಟಲಿಯಲ್ಲಿ ಮೂಡಿ, ಮುಂದೆ ಯುರೋಪಿನ ತುಂಬ ಹಬ್ಬಿದ ಹೊಸ ಎಚ್ಚರವನ್ನು ಚರಿತ್ರಕಾರರು ಪುನರುಜ್ಜೀವನವೆಂದು ಕರೆಯುತ್ತಾರೆ. ಆ ಯುಗದ ಮೊದಲಿಗರಲ್ಲಿ ಒಬ್ಬನಾದ ಪೆಟ್ರಾರ್ಕ್ ಕವಿ (1304–1374) ಪಂಡಿತರ ಭಾಷೆಯಾದ ಲ್ಯಾಟಿನ್ನಿನಲ್ಲಿ ಬರೆದ ಕೃತಿಗಳಿಂದಲೇ ತನಗೆ ಕೀರ್ತಿ ಬರುವುದೆಂದು ನಂಬಿದ್ದನು. ಆದರೆ ಮುಂದಿನ ಕವಿಗಳಿಗೆ ಮಾದರಿಯಾದುದು ಅವನು ತನ್ನ ಜನರ ನುಡಿಯಾದ ಇಟಾಲಿಯನ್ನಿನಲ್ಲಿ ಬರೆದ ಸಾನೆಟ್ಟುಗಳು.

ಇಂತಹ ಎಚ್ಚರವೊಂದು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕನ್ನಡಕ್ಕೂ ಬಂದಿತು. ಅದಕ್ಕೆ ನವೋದಯವೆಂದು ಹೆಸರು. ಆ ಕಾಲದಲ್ಲಿ ಇಂಗ್ಲಿಷ್ ಕಲಿತ ಅನೇಕರಿಗೆ ಕನ್ನಡದಲ್ಲಿ ಆದರವಿರಲಿಲ್ಲ. ಹೊಸ ಕಾಲದ ಭಾವಗಳನ್ನು ಹೊರುವ ಶಕ್ತಿ ಈ ನುಡಿಗೆ ಇದೆಯೇ ಎಂಬ ಸಂದೇಹ ಅವರಲ್ಲಿತ್ತು.

ಈ ಸಂದೇಹಕ್ಕೆ ಉತ್ತರವಿತ್ತವರಲ್ಲಿ ಪ್ರಮುಖರು ಬಿ. ಎಂ. ಶ್ರೀಕಂಠಯ್ಯನವರು. ಇವರು 1884ರಲ್ಲಿ ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ ಜನಿಸಿದರು. ವೃತ್ತಿಯಿಂದ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದರೂ ಇವರ ಒಲವು ಕನ್ನಡದ ಏಳಿಗೆಯ ಕಡೆಗಿತ್ತು. 1911ರಲ್ಲಿ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಇವರು ಮಾಡಿದ ಭಾಷಣದ ವಿಷಯವೇ ಕನ್ನಡ ಮಾತು ತಲೆಯೆತ್ತುವ ಬಗೆ.

ಹಳೆಯ ಕಾವ್ಯದಲ್ಲಿ ಪದ್ಯದ ಪ್ರತಿ ಸಾಲಿನ ಎರಡನೆಯ ಅಕ್ಷರವೂ ಒಂದೇ ವ್ಯಂಜನವಾಗಿರಬೇಕೆಂಬ ನಿಯಮವಿತ್ತು. ಒಂದು ಸಾಲು 'ಮನೆ' ಎಂದು ಮೊದಲಾದರೆ ಉಳಿದವು 'ವನ', 'ಜನ', 'ಕನಸು' ಎಂಬಂತಹ ಪದಗಳಿಂದಲೇ ಮೊದಲಾಗಬೇಕು. ಸಮರ್ಥ ಕವಿಗೆ ಇದು ಅಲಂಕಾರ, ಉಳಿದವರಿಗೆ ಸಂಕೋಲೆ. ಹೇಳಬೇಕಾದ ಭಾವವನ್ನು ಬಿಟ್ಟು, ಪ್ರಾಸಕ್ಕೆ ಒದಗುವ ಪದವನ್ನು ಅವರು ಅರಸಬೇಕಾಗುತ್ತಿತ್ತು. ಮಂಜೇಶ್ವರದ ಗೋವಿಂದ ಪೈಗಳು 1911ರಲ್ಲಿಯೇ ಈ ಪ್ರಾಸವನ್ನು ಕೈಬಿಟ್ಟರು. ಹಟ್ಟಿಯಂಗಡಿ ನಾರಾಯಣರಾಯರು 1919ರಲ್ಲಿ 'ಆಂಗ್ಲ ಕವಿತಾವಳಿ'ಯನ್ನು ಪ್ರಕಟಿಸಿ, ಇಂಗ್ಲಿಷ್ ಕವಿತೆಗಳನ್ನು ಕನ್ನಡಕ್ಕೆ ತಂದರು.

ಹೀಗೆ ಹದಗೊಂಡ ನೆಲದಲ್ಲಿ 1926ರಲ್ಲಿ ಶ್ರೀಕಂಠಯ್ಯನವರ 'ಇಂಗ್ಲಿಷ್ ಗೀತಗಳು' ಹೊರಬಂದಿತು. ಷೆಲ್ಲಿ, ವರ್ಡ್ಸ್‌ವರ್ತ್, ಬರ್ನ್ಸ್ ಮೊದಲಾದವರ ಕವಿತೆಗಳು ಅದರಲ್ಲಿ ಕನ್ನಡದ ಉಸಿರನ್ನು ಪಡೆದವು. ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಹೊಸ ರೀತಿಯಲ್ಲಿ ಜೋಡಿಸಿ, ಭಾವಕ್ಕೆ ತಕ್ಕಂತೆ ಸಾಲುಗಳನ್ನು ಹಿಗ್ಗಿಸಿ ಕುಗ್ಗಿಸಿ ಅವರು ನಾನಾ ಪದ್ಯರೂಪಗಳನ್ನು ನಿರ್ಮಿಸಿದರು. ಗಣಗಳು ಕನ್ನಡಕ್ಕೆ ಹಳೆಯವೇ. ಅವುಗಳ ಜೋಡಣೆ ಮಾತ್ರ ಹೊಸದು. ಭಾಷೆಯೂ ಆಡುಮಾತಿಗೆ ಹತ್ತಿರವಾಯಿತು.

ತರುಣ ಕವಿಗಳಿಗೆ ದಾರಿ ತೆರೆಯಿತು. ಇಂಗ್ಲಿಷಿನಲ್ಲಿ ಕವಿತೆ ಬರೆಯುತ್ತಿದ್ದ ಕುವೆಂಪು ಅವರು ಐರಿಷ್ ಕವಿ ಜೇಮ್ಸ್ ಕಸಿನ್ಸ್ 1924ರಲ್ಲಿ ನೀಡಿದ ಸಲಹೆಯಂತೆ ಮಾತೃಭಾಷೆಗೆ ತಿರುಗಿದರು. 1930ರಲ್ಲಿ ಅವರ 'ಕೊಳಲು' ಪ್ರಕಟವಾಯಿತು. ಧಾರವಾಡದ ಬೇಂದ್ರೆಯವರು ಜಾನಪದ ಹಾಡುಗಳ ಲಯವನ್ನು ಕಾವ್ಯಕ್ಕೆ ತಂದರು. ಅವರ 'ಗರಿ' 1932ರಲ್ಲಿ ಬಂದಿತು. ಮೇಲುಕೋಟೆಯ ಪು.ತಿ.ನ. ಅವರ 'ಹಣತೆ' 1933ರಲ್ಲಿ ಬೆಳಗಿತು. ಮಲೆನಾಡಿನ ಕಾಡು, ಬಡವರ ಬಾಳು, ನಾಡಿನ ಬಿಡುಗಡೆಯ ಹಂಬಲ, ಮನೆಯೊಳಗಿನ ಸುಖದುಃಖಗಳು ಕಾವ್ಯಕ್ಕೆ ವಸ್ತುವಾದವು.

ಶ್ರೀಕಂಠಯ್ಯನವರು 1946ರಲ್ಲಿ ನಿಧನ ಹೊಂದಿದರು. ಪರಭಾಷೆಯನ್ನು ಚೆನ್ನಾಗಿ ಕಲಿತವರು ತಮ್ಮ ನುಡಿಯನ್ನು ಮರೆಯಬೇಕಾಗಿಲ್ಲ. ಕಲಿತುದನ್ನು ಅದಕ್ಕೇ ತಂದು ಕೊಡಬಹುದು. ನವೋದಯವನ್ನು ಸಾಧ್ಯಗೊಳಿಸಿದುದು ಈ ವಿವೇಕವೇ.