ದಿಲ್ಲಿಯ ಥಂಡಿಗೆ ಮನೆಯ ಹಾಗೂ ಕುಂಡಗಳ ಸಿದ್ಧತೆ

ದಸರೆ ಮುಗಿದು ವಾಚನಾಲಯದ ಪಂಖಗಳನ್ನು ನಿಲ್ಲಿಸುವ ಹೊತ್ತಿಗೆ, ಊರಿನಿಂದ ಹೊಸದಾಗಿ ಬಂದ ತರುಣರು 'ಇಷ್ಟೇ ಏನು ದಿಲ್ಲಿಯ ಥಂಡಿ?' ಎಂದು ಕೇಳುವುದುಂಟು. ಮೊದಲನೆಯ ವರ್ಷ ನಾನೂ ಹಾಗೆಯೇ ಕೇಳಿದವನು. ಹಾವೇರಿಯ ಕಡೆಯವನಾದ ನನಗೆ ಚಳಿಯೆಂದರೆ ಮುಂಜಾನೆ ಹೊದೆಯುವ ಒಂದು ಕಂಬಳಿ, ಅಷ್ಟೆ. ಆ ವರ್ಷ ಸೀಸೆಯಲ್ಲಿನ ಕೊಬ್ಬರಿ ಎಣ್ಣೆ ಕಲ್ಲಾಯಿತು, ಕುಂಡದ ತುಳಸಿ ಕಪ್ಪಾಗಿ ಸತ್ತಿತು, ಜನವರಿಯ ಒಂದು ರಾತ್ರಿ ನಮ್ಮ ಖೋಲಿಯ ಮೂವರು ಸಾಯುವುದು ತಪ್ಪಿತು. ಆದ್ದರಿಂದ ಈ ನಾಲ್ಕು ಮಾತು.

ಇಲ್ಲಿ ಡಿಸೆಂಬರ-ಜನವರಿಯ ರಾತ್ರಿಗಳಲ್ಲಿ ಉಷ್ಣಮಾನವು ಸಾಮಾನ್ಯವಾಗಿ 7-8 ಡಿಗ್ರಿಗೆ ಇಳಿಯುತ್ತದೆ. ಶೀತಗಾಳಿ ಬೀಸಿತೆಂದರೆ 4 ಡಿಗ್ರಿಗಿಂತಲೂ ಕೆಳಗೆ. ಸಫದರಜಂಗದಲ್ಲಿ 2021ರ ಜನವರಿ 1ರಂದು 1.1 ಡಿಗ್ರಿ ದಾಖಲಾಗಿತ್ತು. 2019ರ ಡಿಸೆಂಬರ 30ರಂದಂತೂ ಹಗಲಿನ ಗರಿಷ್ಠವೇ 9.4 ಡಿಗ್ರಿ. ಮಂಜು ಕವಿದು ಸೂರ್ಯನು ಕಾಣದ ಇಂಥ ದಿನಗಳಲ್ಲಿ ಸಿಮೆಂಟಿನ ಗೋಡೆಯು ತಣ್ಣಗಾದರೆ ಬೇಗ ಬೆಚ್ಚಗಾಗುವುದಿಲ್ಲ.

ಹಾಗಾದರೆ ಬಾಡಿಗೆಯ ಖೋಲಿಯವನು ಏನು ಮಾಡಬೇಕು? ಮೊದಲು ಸೂರ್ಯನನ್ನು ಒಳಗೆ ಕರೆಯಬೇಕು. ಜೂನಿನಲ್ಲಿ ಇಲ್ಲಿ ಮಧ್ಯಾಹ್ನದ ಸೂರ್ಯನು ಬಹುತೇಕ ನೆತ್ತಿಯ ಮೇಲಿರುತ್ತಾನೆ. ಡಿಸೆಂಬರದ ಕೊನೆಗೆ ದಕ್ಷಿಣದ ಕಡೆಗೆ ವಾಲಿ, ಕ್ಷಿತಿಜದಿಂದ 38 ಡಿಗ್ರಿಯಷ್ಟೇ ಮೇಲೇರುತ್ತಾನೆ. ಆದ್ದರಿಂದ ದಕ್ಷಿಣದ ಕಿಟಕಿಯಿಂದ ಬಿಸಿಲು ಖೋಲಿಯೊಳಗೆ ಬಹುದೂರ ಬರುತ್ತದೆ. ಬೇಸಿಗೆಯಲ್ಲಿ ಆ ಕಿಟಕಿಗೆ ಕಟ್ಟಿದ ರಟ್ಟು, ಚಾಪೆಗಳನ್ನು ಈಗಲೇ ತೆಗೆಯಿರಿ. ಹೊತ್ತು ಮುಳುಗುತ್ತಲೇ ಪರದೆ ಎಳೆಯಿರಿ. ತಣ್ಣನೆಯ ಗಾಳಿ ಬರುವುದು ಹೆಚ್ಚಾಗಿ ವಾಯವ್ಯದಿಂದ. ಆ ಕಡೆಯ ಬಾಗಿಲಿನ ಅಡಿಯ ಸಂದಿಗೆ ಹಳೆಯ ಸೀರೆಯ ಸುರುಳಿ ಸಾಕು. ಆದರೆ ಎಲ್ಲ ಸಂದಿಗಳನ್ನೂ ಮುಚ್ಚಬೇಡಿರಿ. ಕಾರಣವನ್ನು ಮುಂದೆ ಹೇಳುತ್ತೇನೆ.

ರಜಾಯಿಯನ್ನು ಕಪಾಟಿನಿಂದ ತೆಗೆದ ರಾತ್ರಿಯೇ ಹೊದೆಯಬಾರದು. ಎರಡು-ಮೂರು ದಿನ ಮಾಳಿಗೆಯ ಬಿಸಿಲಿಗೆ ಹಾಕಬೇಕು. ಬೆಚ್ಚಗಿಡುವುದು ಹತ್ತಿಯಲ್ಲ, ಅದರೊಳಗೆ ನಿಂತ ಗಾಳಿ. ಗಂಟುಗಟ್ಟಿದ ಹತ್ತಿಯಲ್ಲಿ ಗಾಳಿ ನಿಲ್ಲದು. ಅಂಥದನ್ನು ಪಿಂಜಾರನಿಂದ ಹಿಂಜಿಸಿದರೆ ಹಳೆಯ ರಜಾಯಿಯೇ ಹೊಸದಾಗುತ್ತದೆ.

ಇನ್ನು ಅಂಗೀಠಿಯ ಮಾತು. ಆ ಜನವರಿಯಲ್ಲಿ ನಾವು ಇದ್ದಿಲು ಹೊತ್ತಿಸಿ, ಹೊಗೆಯೆಲ್ಲ ಹೋಗುವವರೆಗೆ ಅಂಗೀಠಿಯನ್ನು ಹೊರಗಿಟ್ಟು, ಕೆಂಡ ನಿಗಿನಿಗಿಯಾದ ಮೇಲೆ ಒಳಗೆ ತಂದೆವು. ಹೊಗೆಯಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬುದು ನಮ್ಮ ಲೆಕ್ಕ. ಬಾಗಿಲು, ಕಿಟಕಿ, ಮೇಲಿನ ಜಾಳಿಗೆ ಎಲ್ಲಕ್ಕೂ ಬಟ್ಟೆ ತುರುಕಿ ಮಲಗಿದೆವು. ನಾಲ್ಕನೆಯವನು ಎರಡನೆಯ ಪಾಳಿ ಮುಗಿಸಿ ಒಂದು ಗಂಟೆಗೆ ಬಂದು ಬಾಗಿಲು ಬಡಿದನು. ನನಗೆ ಎಚ್ಚರವಾಯಿತು, ಕಾಲು ಮಾತ್ರ ಮಾತು ಕೇಳಲಿಲ್ಲ. ತೆವಳುತ್ತ ಹೋಗಿ ಅಗಳಿ ತೆಗೆದದ್ದು ನೆನಪಿದೆ, ಆಮೇಲಿನದು ನೆನಪಿಲ್ಲ. ಇನ್ನಿಬ್ಬರನ್ನು ಅವನೇ ಹೊರಗೆ ಎಳೆದು ಹಾಕಿದನಂತೆ. ಒಬ್ಬನಿಗೆ ಆಸ್ಪತ್ರೆಯಲ್ಲಿ ಬೆಳಗಿನವರೆಗೆ ಆಕ್ಸಿಜನ್ ಕೊಡಬೇಕಾಯಿತು. ಆ ಮಿತ್ರನು ರಜೆಯಲ್ಲಿದ್ದಿದ್ದರೆ ಈ ಲೇಖನವಿಲ್ಲ.

ಇದ್ದಿಲು ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಹಿಮೋಗ್ಲೋಬಿನ್ ಆಕ್ಸಿಜನ್ನಿಗಿಂತ ಇದನ್ನು ಇನ್ನೂರು ಪಟ್ಟಿಗೂ ಮಿಕ್ಕಿ ಬಲವಾಗಿ ಹಿಡಿದುಕೊಳ್ಳುತ್ತದೆ. ಉಸಿರು ಆಡುತ್ತಲೇ ಇರುತ್ತದೆ, ಮೈಗೆ ಪ್ರಾಣವಾಯು ಮಾತ್ರ ಮುಟ್ಟುವುದಿಲ್ಲ. ನಿದ್ದೆಯಲ್ಲಿರುವವನಿಗೆ ಅದು ತಿಳಿಯುವುದೂ ಇಲ್ಲ. ಅಂಗೀಠಿಯ ಪಕ್ಕದಲ್ಲಿ ನೀರಿನ ಪಾತ್ರೆ ಇಟ್ಟರೆ ಸಾಕೆನ್ನುವವರಿದ್ದಾರೆ; ಅದು ಶುದ್ಧ ತಪ್ಪು. ಕಿಟಕಿಯನ್ನು ಕೊಂಚ ತೆರೆದಿಟ್ಟೆವೆಂದೂ ನಂಬಿ ಮಲಗಬೇಡಿರಿ. ಕೆಂಡ ಹೊರಗೆ, ನಾವು ಒಳಗೆ. ಸ್ನಾನದ ಮನೆಯ ಗ್ಯಾಸ್ ಗೀಜರಿನಿಂದಲೂ ಇದೇ ಅನಿಲ ಬರಬಹುದು. ತಲೆನೋವು, ಓಕರಿಕೆ, ತಲೆ ತಿರುಗುವುದು ಕಂಡರೆ ಒಡನೆ ಹೊರಗೆ ಬಂದು, 112ಕ್ಕೆ ಫೋನು ಮಾಡಿರಿ.

ವಿದ್ಯುತ್ ಹೀಟರಿಗೆ ಈ ಭಯವಿಲ್ಲ, ಬೇರೆ ಭಯವಿದೆ. 2000 ವಾಟಿನ ಹೀಟರು ಸುಮಾರು 9 ಆಂಪಿಯರ್ ಎಳೆಯುತ್ತದೆ. ಸಣ್ಣ ಪ್ಲಗ್ಗಿನ ಶಕ್ತಿ 6 ಆಂಪಿಯರ್ ಮಾತ್ರ. 16 ಆಂಪಿಯರಿನ ದೊಡ್ಡ ಪ್ಲಗ್ಗಿಗೇ ಹಾಕಬೇಕು. ಗಂಟೆಗೆ 2 ಯುನಿಟ್ಟು ಎಂಬುದನ್ನು ತಿಂಗಳ ಕೊನೆಗೆ ಮನೆಯ ಮಾಲಿಕನೇ ನೆನಪಿಸುತ್ತಾನೆ.

ಮಾಳಿಗೆಯ ಕುಂಡಗಳ ವಿಷಯದಲ್ಲಿ ದಿಲ್ಲಿ ನಮ್ಮ ಊರಿಗಿಂತ ವಿಚಿತ್ರ. ಥಂಡಿಯೇ ಇಲ್ಲಿ ಸೊಪ್ಪಿನ ಕಾಲ. ಮೆಂತ್ಯ, ಪಾಲಕ, ಮೂಲಂಗಿ, ಕೊತ್ತಂಬರಿಗಳನ್ನು ಅಕ್ಟೋಬರ-ನವೆಂಬರದಲ್ಲಿ ಬಿತ್ತಬೇಕು. ಕೊತ್ತಂಬರಿಯ ಒಂದು ಕಾಳಿನಲ್ಲಿ ಎರಡು ಬೀಜಗಳಿರುವುದರಿಂದ ಮೆಲ್ಲಗೆ ತಿಕ್ಕಿ ಒಡೆದು ಹಾಕಿರಿ. ಮೊಳೆಯಲು ಹತ್ತು ದಿನಕ್ಕೂ ಮೇಲಾದೀತು, ಅವಸರ ಬೇಡ. ಮೆಂತ್ಯವನ್ನು ಒಂದು ತಿಂಗಳಲ್ಲಿ ಕೊಯ್ಯಬಹುದು.

ತುಳಸಿಯ ಪಾಡು ಬೇರೆ. ಆಕಾಶ ಶುಭ್ರವಾಗಿ, ಗಾಳಿ ನಿಂತ ರಾತ್ರಿ ಎಲೆಯ ಕಾವು ನೇರವಾಗಿ ಆಕಾಶಕ್ಕೆ ಹೋಗಿಬಿಡುತ್ತದೆ. ಎಲೆಯು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ನಡುವೆ ಒಂದು ತೆಳು ಬಟ್ಟೆ ಅಡ್ಡವಿದ್ದರೂ ಗಿಡ ಬದುಕೀತು. ಕೋಲು ನೆಟ್ಟು ಎಲೆಗೆ ತಾಗದಂತೆ ಹೊದಿಸಿ, ಬೆಳಿಗ್ಗೆ ತೆಗೆಯಿರಿ. ಕುಂಡವನ್ನು ದಕ್ಷಿಣಕ್ಕೆ ಮುಖವಾದ ಗೋಡೆಗೆ ಒತ್ತಿಡಿರಿ. ಹಗಲು ಕುಡಿದ ಬಿಸಿಲನ್ನು ಗೋಡೆಯು ರಾತ್ರಿ ಬಿಟ್ಟುಕೊಡುತ್ತದೆ. ನೀರು ಬೆಳಿಗ್ಗೆ, ಅದೂ ಸ್ವಲ್ಪ. ಗೊಬ್ಬರ ಬೇಡ, ಎಳೆಯ ಚಿಗುರೇ ಮೊದಲು ಸುಡುವುದು. ಇಷ್ಟಾದರೂ ತುಳಸಿ ಹೋಗಬಹುದಾದ್ದರಿಂದ ಒಣಗಿದ ತೆನೆಗಳನ್ನು ಈಗಲೇ ಪೊಟ್ಟಣ ಕಟ್ಟಿಡಿರಿ, ಮಾರ್ಚಿಯಲ್ಲಿ ಬಿತ್ತಲಿಕ್ಕೆ. ಉದುರಿದ ಎಲೆಗಳನ್ನು ಕೂಡಿಸಿ ಸುಡುವ ಹಾಗಿಲ್ಲ. 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಅದನ್ನು ನಿಷೇಧಿಸಿದೆ. ಅವನ್ನೇ ಗಿಡದ ಬುಡಕ್ಕೆ ಹಾಸಿದರೆ ಬೇರಿಗೆ ಹೊದಿಕೆಯಾಗುತ್ತದೆ.

ಕರಿಬೇವು ಎಲೆಯೆಲ್ಲ ಉದುರಿಸಿ ಸತ್ತಂತೆ ನಿಲ್ಲುತ್ತದೆ. ನಾನು ಅದನ್ನು ಕಿತ್ತು ಎಸೆದ ಮೂರ್ಖ. ಕಡ್ಡಿಯ ತೊಗಟೆಯನ್ನು ಉಗುರಿನಿಂದ ಕೆರೆದು ನೋಡಿರಿ. ಒಳಗೆ ಹಸಿರಿದ್ದರೆ ಹೋಳಿಯವರೆಗೆ ಅದನ್ನು ಮುಟ್ಟಬೇಡಿರಿ. ತುಳಸಿ ತೆನೆ ಹೆಚ್ಚಾಗಿದ್ದವರು ಒಂದು ಪೊಟ್ಟಣವನ್ನು ವಾಚನಾಲಯದ ಮೇಜಿನ ಮೇಲೆ ಇಟ್ಟು ಹೋದರೆ ಹೊಸಬರಿಗೆ ಕೊಡುತ್ತೇನೆ.